ಅಂಗರಕ್ಷಕಿ ಬೇಡವೆಂದರೆ ಬೇಡ ಅಷ್ಟೆ!

ತ್ಯಾಗರಾಜನಗರಕ್ಕೆ ದೊಡ್ಡ ಧುರೀಣರು ಬಂದರೆ ಏನಾಗುತ್ತದೆಂದು ನಮ್ಮ ಅಂಗಡಿಯವರಿಗೆ ಹೇಳಿಕೊಡಬೇಕಾಗಿಲ್ಲ. ಬಸ್ಸು ನಿಲ್ಲುತ್ತೆ, ವ್ಯಾಪಾರ ಮಲಗುತ್ತೆ. ಹಾರ, ಆರತಿ ತಟ್ಟೆ ಹಿಡಿದ ಹೆಂಗಸರನ್ನು ಮುಂದಿನ ಸಾಲಿಗೆ ತಂದು ನಿಲ್ಲಿಸುತ್ತಾರೆ. ಅವರನ್ನು ತಪಾಸಣೆ ಮಾಡೋರು ಯಾರು? ಗಂಡಸು ಪೇದೆ ಮುಟ್ಟುವಂತಿಲ್ಲ, ಮುಟ್ಟಲೂ ಬಾರದು. ಅಲ್ಲಿ ಹೆಣ್ಣು ಪೊಲೀಸೇ ಬೇಕು.

ಇದು ಬರೀ ಊಹೆಯ ಮಾತಲ್ಲ ಸ್ವಾಮಿ. 1991ರ ಮೇ 21ರ ರಾತ್ರಿ ಶ್ರೀಪೆರಂಬುದೂರಿನಲ್ಲಿ ರಾಜೀವ್ ಗಾಂಧಿಯವರನ್ನು ಕೊಂದವಳು ಹಾರ ಹಿಡಿದು ಬಂದ ಹೆಂಗಸು. ಸಂಚಿನ ರೂವಾರಿ ಶಿವರಾಸನ್, ಜೊತೆಗೆ ಶುಭಾ, ಒಟ್ಟು ಏಳು ಮಂದಿಯ ಹೆಣ ಸಿಕ್ಕಿದ್ದು ಎಲ್ಲಿ? ಅದೇ ವರ್ಷ ಆಗಸ್ಟ್ 20ರಂದು, ಇಲ್ಲೇ ಕೋಣನಕುಂಟೆಯ ಒಂದು ಮನೆಯಲ್ಲಿ. ಬನಶಂಕರಿ ದಾಟಿ ಕನಕಪುರ ರಸ್ತೆ ಹಿಡಿದರೆ ಆಯ್ತು. ಅಂಥವರು ನಮ್ಮ ನೆರೆಯಲ್ಲೇ ಬಾಡಿಗೆಗಿದ್ದರು.

ಆದರೆ ಜನ ಮರೆತ ಸಂಗತಿ ಒಂದಿದೆ. ಆ ರಾತ್ರಿ ಕಾವಲಿಗೆ ಹೆಣ್ಣು ಪೊಲೀಸ್ ಇರಲಿಲ್ಲವೆಂದಲ್ಲ. ತಮಿಳುನಾಡು ಪೊಲೀಸಿನ ಸಬ್‌ಇನ್‌ಸ್ಪೆಕ್ಟರ್ ಅನಸೂಯಾ ಅಲ್ಲಿದ್ದರು. ಹಾರದವಳನ್ನು ಅವರು ತಡೆದೂ ತಡೆದರು. ಎಲ್ಲರೂ ಬರಲಿ ಬಿಡಿ ಎಂದು ರಾಜೀವರೇ ಹೇಳಿದರೆಂಬುದು ಆಕೆಯ ಮಾತು. ಆಕೆ ಹಿಂದೆ ಸರಿದರು. ಬಾಂಬು ಸಿಡಿಯಿತು. ಗಾಯಗೊಂಡರೂ ಆಕೆ ಬದುಕಿ ಉಳಿದರು. ರಾಜೀವರು ಉಳಿಯಲಿಲ್ಲ.

ಕೇಂದ್ರ ಮೀಸಲು ಪೊಲೀಸ್ ಪಡೆ, ಅಂದರೆ ಸಿಆರ್‌ಪಿಎಫ್, ಗಣ್ಯರ ಕಾವಲಿಗೆಂದೇ 32 ಮಹಿಳಾ ಕಮಾಂಡೋಗಳ ಮೊದಲ ತಂಡವನ್ನು ತಯಾರು ಮಾಡಿದ್ದು 2021ರ ಕೊನೆಗೆ. ಶ್ರೀಪೆರಂಬುದೂರು ಆಗಿ ಮೂವತ್ತು ವರ್ಷದ ಮೇಲೆ! ಹತ್ತು ವಾರ ತರಬೇತಿ: ತಪಾಸಣೆ, ಬರಿಗೈ ಹೋರಾಟ, ವಿಶೇಷ ಆಯುಧ. ತಡವಾದರೂ ಒಳ್ಳೇದೇ ಆಯ್ತು. ಪತ್ರಿಕೆಗಳಲ್ಲಿ ಫೋಟೋನೂ ಬಂತು. ಆದರೆ ತರಬೇತಿ ಕೊಟ್ಟರಷ್ಟೇ ಸಾಕೆ? ಆಕೆ "ಬೇಡ" ಎಂದಾಗ ಕೇಳಬೇಕಾದವರು ಸಾಹೇಬರು. ಅವರಿಗೆ ತರಬೇತಿ ಕೊಟ್ಟವರುಂಟೆ?

ದಿಲ್ಲಿಯ ಕಥೆ ಹಾಗಿರಲಿ, ನಮ್ಮ ಬೀದಿಗೆ ಬನ್ನಿ. ಹಿಂದೊಂದು ಚುನಾವಣೆ ಮೆರವಣಿಗೆಯಲ್ಲಿ ನಾವೇ ಕಣ್ಣಾರೆ ಕಂಡದ್ದು. ಬೆಳಿಗ್ಗೆಯಿಂದ ಹಗ್ಗ ಹಿಡಿದು ನಿಂತಿದ್ದ ಮಹಿಳಾ ಪೇದೆ ಒಬ್ಬಾಕೆಯ ಕೈಚೀಲ ತೆಗೆಸಿ ನೋಡಹೊರಟರು. ಪಕ್ಷದ ಪುಢಾರಿಯೊಬ್ಬ ನುಗ್ಗಿ, "ಏಯ್, ಬಿಡಮ್ಮ, ನಮ್ಮೋರೇ" ಎಂದು ಗದರಿದ. ಹಗ್ಗ ಎತ್ತಿ ಒಳಗೆ ಬಿಟ್ಟದ್ದೂ ಅವನೇ. ಮೇಲಧಿಕಾರಿ ನೋಡಿಯೂ ನೋಡದ ಹಾಗಿದ್ದರು. ಅನಾಹುತವಾಗಿದ್ದರೆ ಸಸ್ಪೆಂಡ್ ಆಗುತ್ತಿದ್ದವರು ಯಾರು? ಪುಢಾರಿಯಂತೂ ಅಲ್ಲ.

ಸ್ಫೋಟವಾದರೆ ಸಾಯುವುದು ಧುರೀಣರೊಬ್ಬರೇ ಅಲ್ಲ. ಅಂದು ರಾಜೀವರ ಜೊತೆ ಕನಿಷ್ಠ ಹದಿನಾಲ್ಕು ಮಂದಿ ಪ್ರಾಣ ಬಿಟ್ಟರು. ನಮ್ಮ ಬೀದಿಗಳೋ ಕಿರಿದು. ಅಂಗಡಿ ಗಲ್ಲಾದಿಂದ ಕೈಚಾಚಿದರೆ ಮೆರವಣಿಗೆ ಸಿಗುತ್ತೆ.

ಮುಂದಿನ ಸಲ ಬರುವ ಧುರೀಣರಿಗೆ ನಮ್ಮ ಅಹವಾಲು ಇಷ್ಟು. ಹಾರ ಹಾಕುವವರ ಹೆಸರನ್ನು ಹಿಂದಿನ ದಿನವೇ ಠಾಣೆಗೆ ಕೊಡಿ. ಪಟ್ಟಿಯಲ್ಲಿಲ್ಲದವರನ್ನು ಪೇದೆ ತಡೆದರೆ ಜೀಪಿನ ಮೇಲಿಂದ ಕೈಬೀಸಿ ಕರೆಯಬೇಡಿ. ಹಗ್ಗದ ಒಳಗೆ ಯಾರು ಬರಬೇಕೆಂಬುದು ಆಕೆಗೆ ಬಿಟ್ಟದ್ದೆಂದು ನಿಮ್ಮ ಹಿಂಬಾಲಕರಿಗೆ ಮೈಕಿನಲ್ಲೇ ಹೇಳಿ, ನಾವೂ ಕೇಳಿಸಿಕೊಳ್ಳುತ್ತೇವೆ.