ವಾಲಿಸಿದರೆ ಇಟಾಲಿಕ್ ಆದೀತೆ?

ಇಟಾಲಿಕ್ ಎಂದರೆ ಬಲಕ್ಕೆ ವಾಲಿದ ಅಕ್ಷರ ಎಂಬ ಗ್ರಹಿಕೆ ಎಷ್ಟು ಬೇರೂರಿದೆಯೆಂದರೆ, ಕಂಪ್ಯೂಟರಿನಲ್ಲಿ ಯಾವ ಲಿಪಿಯನ್ನಾದರೂ ಓರೆ ಮಾಡಿ ಅದೇ ಹೆಸರಿಡುತ್ತೇವೆ. ಓರೆ ಅದರ ಹೊರಗುರುತು ಮಾತ್ರ. ಬೆಂಬೊ ಫಾಂಟಿನ ಪುಸ್ತಕವೊಂದನ್ನು ತೆರೆದರೆ ಇದು ಕಣ್ಣಿಗೇ ಕಾಣುತ್ತದೆ: ನೆಟ್ಟನೆಯ ರೋಮನ್‌ನಲ್ಲಿ ಎರಡಂತಸ್ತಿನ ಸಣ್ಣ ‘ಎ’ ಇಟಾಲಿಕ್‌ನಲ್ಲಿ ಒಂದೇ ಅಂತಸ್ತಿನದು, ‘ಎಫ್’ನ ಬಾಲ ಗೆರೆಯ ಕೆಳಕ್ಕಿಳಿಯುತ್ತದೆ, ಅಕ್ಷರದ ಬುಡದ ಅಡ್ಡಗೆರೆ (ಸೆರಿಫ್) ಹೋಗಿ ಲೇಖನಿ ಎತ್ತುವಾಗಿನ ಸಣ್ಣ ಕೊಂಡಿ ಬರುತ್ತದೆ. ಅದು ಬೇರೆಯೇ ಬರವಣಿಗೆ.

ಇದಕ್ಕೆ ಇಟಾಲಿಕ್‌ನ ಹುಟ್ಟೇ ಸಾಕ್ಷಿ. ವೆನಿಸ್‌ನ ಮುದ್ರಕ ಆಲ್ಡಸ್ ಮನುಷಿಯಸ್‌ಗಾಗಿ ಫ್ರಾಂಚೆಸ್ಕೊ ಗ್ರಿಫೊ ಕೊರೆದ ಈ ಅಚ್ಚುಮೊಳೆಗಳು ಇಡೀ ಪುಸ್ತಕವೊಂದರಲ್ಲಿ ಮೊದಲು ಕಂಡದ್ದು 1501ರ ವರ್ಜಿಲ್ ಕಾವ್ಯದಲ್ಲಿ. ವಿದ್ವಾಂಸರು ವೇಗವಾಗಿ ಬರೆಯುತ್ತಿದ್ದ ಕೈಬರಹವೇ ಅವುಗಳ ಮಾದರಿ. ಅಕ್ಷರ ಅಕ್ಷರಕ್ಕೆ ಬೆಸೆಯುವ ಓಟವನ್ನು ಹಿಡಿಯಲು ಗ್ರಿಫೊ ಹತ್ತಾರು ಜೋಡಕ್ಷರಗಳನ್ನು ಬೇರೆಯಾಗಿಯೇ ಕೊರೆದ. ಸ್ವಾರಸ್ಯವೆಂದರೆ ಆ ಪುಸ್ತಕದ ದೊಡ್ಡಕ್ಷರಗಳೆಲ್ಲ ನೆಟ್ಟಗಿವೆ! ಕಾಗದ ಉಳಿಸಲೆಂದೇ ಇಟಾಲಿಕ್ ಹುಟ್ಟಿತೆಂಬ ಜನಪ್ರಿಯ ಕತೆಯೂ ಇಲ್ಲಿ ಅಷ್ಟಾಗಿ ಹೊಂದುವುದಿಲ್ಲ. ಪದ್ಯದ ಒಂದೊಂದು ಸಾಲೂ ಹೇಗೂ ಬೇರೆ ಸಾಲಾಗಿಯೇ ನಿಲ್ಲುವಾಗ ಅಕ್ಷರ ಕಿರಿದಾದ ಮಾತ್ರಕ್ಕೆ ಪುಟ ಕಡಿಮೆಯಾಗದು. ಉದ್ದ ಸಾಲುಗಳು ಕೈಯಲ್ಲಿ ಹಿಡಿಯುವ ಪುಟ್ಟ ಪುಸ್ತಕದ ಅಗಲಕ್ಕೆ ಕೂರಲು ಅದು ನೆರವಾಗಿರಬಹುದು, ಅಷ್ಟೆ. ಒತ್ತು ಕೊಡಲು ರೋಮನ್‌ನ ನಡುವೆ ಇಟಾಲಿಕ್ ಬಳಸುವ ರೂಢಿ ಬಂದದ್ದು ಆಮೇಲೆ.

ಓರೆ ಅಕ್ಷರ ಚೆಂದ ಕಾಣುತ್ತದೆ ಎನ್ನುವವರೊಂದಿಗೆ ವಾದ ಬೇಡ. ಇಂಗ್ಲೆಂಡಿನ ಮುದ್ರಣತಜ್ಞ ಸ್ಟ್ಯಾನ್ಲಿ ಮೋರಿಸನ್ 1926ರಲ್ಲಿ ಎತ್ತಿದ ಆಕ್ಷೇಪ ಮಾತ್ರ ತೂಕದ್ದು: ಇಟಾಲಿಕ್ ಈಗ ರೋಮನ್‌ನ ಜೊತೆಗಾರ, ಕೈಬರಹದ ಬೆಡಗು ಪುಟದ ಸಮರಸವನ್ನು ಕೆಡಿಸುತ್ತದೆ, ಆದ್ದರಿಂದ ರೋಮನ್ ಅನ್ನೇ ವಾಲಿಸುವುದು ಲೇಸು. ಡಚ್ ಅಕ್ಷರ ವಿನ್ಯಾಸಕ ಯಾನ್ ವಾನ್ ಕ್ರಿಂಪೆನ್ ತನ್ನ ಫಾಂಟು ರೋಮುಲಸ್‌ನಲ್ಲಿ ಈ ತತ್ವವನ್ನು ಚಾಚೂ ತಪ್ಪದೆ ಪಾಲಿಸಿದ. ಫಲಿತಾಂಶ ತೀರಾ ಬಿಗುವಾಯಿತೆಂದು ಮುಂದೆ ಮೋರಿಸನ್ನನೇ ಒಪ್ಪಿದ. ಕಾರಣ ಸರಳ. ಓದುಗ ಕೋನವನ್ನು ಅಳೆಯುತ್ತ ಕೂರುವುದಿಲ್ಲ, ಲಯ ಬದಲಾದದ್ದನ್ನು ಗ್ರಹಿಸುತ್ತಾನೆ. ಲೇಖನಿಯ ನೆನಪೇ ಇಲ್ಲದ ಹೆಲ್ವೆಟಿಕಾದಂಥ ಅಕ್ಷರಗಳಿಗೆ ಬರೀ ಓರೆ ಸಾಕಾದೀತು. ನೂರಾರು ಪುಟ ಓದಿಸಬೇಕಾದ ಸೆರಿಫ್ ಅಕ್ಷರಕ್ಕೆ ಸಾಲದು.

ಕನ್ನಡದಲ್ಲಂತೂ ಗುಂಡಿ ಒತ್ತಿ ವಾಲಿಸುವ ಈ ಚಾಳಿ ಅಕ್ಷರವನ್ನೇ ಮುರಿಯುತ್ತದೆ. ಸಾಲಿನ ಬುಡವನ್ನು ಹಿಡಿದು ವಾಲಿಸಿದಾಗ ಮೇಲಿನ ತಲೆಕಟ್ಟು ಬಲಕ್ಕೆ ಸರಿದರೆ ಕೆಳಗಿನ ಒತ್ತಕ್ಷರ ಎಡಕ್ಕೆ ಜಾರುತ್ತದೆ, ದುಂಡು ಗೆರೆಗಳ ದಪ್ಪವೂ ಎಲ್ಲೆಂದರಲ್ಲಿ ಏರುಪೇರಾಗುತ್ತದೆ. ಪುಸ್ತಕದ ಹೆಸರು, ಪರಭಾಷೆಯ ಪದ ಬೇರೆಯಾಗಿ ಕಾಣಬೇಡವೇ ಎಂಬ ಸಂಪಾದಕರ ಪ್ರಶ್ನೆ ನ್ಯಾಯವಾದದ್ದೇ. ಸದ್ಯಕ್ಕೆ ಉದ್ಧರಣ ಚಿಹ್ನೆಯೋ ದಪ್ಪ ಅಕ್ಷರವೋ ಆ ಕೆಲಸವನ್ನು ಮಾಡುತ್ತವೆ. ಅದಕ್ಕಿಂತ ನಯವಾದದ್ದು ಬೇಕೆಂದರೆ ಗ್ರಿಫೊ ಮಾಡಿದ್ದನ್ನೇ ಮಾಡಬೇಕಾಗುತ್ತದೆ: ಕನ್ನಡಿಗರು ಬೇಗಬೇಗ ಬರೆಯುವಾಗ ತಲೆಕಟ್ಟು, ಒತ್ತು, ಕೊಂಬುಗಳು ಹೇಗೆ ಬೆಸೆದುಕೊಳ್ಳುತ್ತವೆಂದು ನೋಡಿ, ಆ ಓಟದಿಂದ ಒಂದೊಂದೇ ಅಕ್ಷರವನ್ನು ಹೊಸದಾಗಿ ಬಿಡಿಸಬೇಕು. ಅವು ನೆಟ್ಟಗೇ ನಿಂತರೂ ಅಡ್ಡಿಯಿಲ್ಲ.