ಹತ್ತು ಸೊಪ್ಪು ಸೇರಿ ಒಂದು ಮದ್ದು

ಶಾಲೆಗೆ ರಜೆ ಬಂತೆಂದರೆ ಹೊಸೂರು, ಮತ್ತಿಗಿರಿ, ಡೆಂಕಣಿಕೋಟೆ ಕಡೆಯ ನಮ್ಮ ಮನೆಗಳಲ್ಲೆಲ್ಲ ಒಂದೇ ದೂರು: “ಹುಡುಗ ಸದಾ ಗೇಮ್ ಆಡುತ್ತಾನೆ, ಕರೆದರೆ ಕಿವಿಗೇ ಹಾಕಿಕೊಳ್ಳುವುದಿಲ್ಲ.” ಅಪ್ಪ ಬೈಯುತ್ತಾರೆ, ಅಮ್ಮ ಫೋನ್ ಕಿತ್ತುಕೊಂಡು ಬೀರುವಿನಲ್ಲಿ ಇಡುತ್ತಾರೆ, ಅಜ್ಜಿ ಮಾತ್ರ ಮೊಮ್ಮಗನ ಪರ. ದೂರಿನಲ್ಲಿ ಸತ್ಯವಿದೆ. ಆದರೆ ಪ್ರಿಯ ಓದುಗರೇ, ‘ಗೇಮ್’ ಎಂಬ ಒಂದೇ ಪದದಲ್ಲಿ ನಾವು ಬಹಳಷ್ಟನ್ನು ಒಟ್ಟಿಗೆ ತುಂಬಿಬಿಟ್ಟಿದ್ದೇವೆ. ತಿನ್ನುವುದು ಎಂದರೆ ಮನೆಯ ರಾಗಿ ಮುದ್ದೆಯೂ ಹೌದು, ಬಸ್ ನಿಲ್ದಾಣದ ಎಣ್ಣೆ ಬೋಂಡಾವೂ ಹೌದು. ಎರಡಕ್ಕೂ ಒಂದೇ ಬೈಗುಳ ಸಲ್ಲದು. ಯಾವ ಆಟವನ್ನು ಬಿಡಿಸಬೇಕು, ಯಾವುದನ್ನು ಅಳತೆಯಲ್ಲಿ ಕೊಡಬಹುದು ಎಂದು ತಿಳಿಯಬೇಕಾದರೆ ಮೊದಲು ಅದರೊಳಗೆ ಏನಿದೆ ಎಂದು ನೋಡಬೇಕು. ಈ ಸಲ ಅಂಥ ಒಂದು ಬಗೆಯನ್ನು, ಜಪಾನಿನ ಹಳೆಯ ಕಥೆಯಾಟಗಳನ್ನು, ನೋಡೋಣ.

ಟೀವಿಯೊಳಗಿನ ಕಥೆ

ಜಪಾನಿನ ಕ್ಯೋಟೋ ನಗರದಲ್ಲಿ ನಿಂಟೆಂಡೊ ಕಂಪನಿ ಶುರುವಾದದ್ದು 1889ರಲ್ಲಿ, ಹೂವಿನ ಚಿತ್ರವಿರುವ ಆಟದ ಎಲೆಗಳನ್ನು ಮಾಡುವುದಕ್ಕೆ. ಅದೇ ಕಂಪನಿ 1983ರ ಜುಲೈಯಲ್ಲಿ ಟೀವಿಗೆ ಜೋಡಿಸಿ ಆಡುವ ‘ಫ್ಯಾಮಿಲಿ ಕಂಪ್ಯೂಟರ್’ ಎಂಬ ಪೆಟ್ಟಿಗೆಯನ್ನು ಹೊರತಂದಿತು. ತೊಂಬತ್ತರ ದಶಕದಲ್ಲಿ ಬೆಂಗಳೂರಿನ ಅಂಗಡಿಗಳಿಂದ ನಮ್ಮ ಕಡೆಗೂ ಬಂದ, ಕ್ಯಾಸೆಟ್ ತೂರಿಸಿ ಆಡುತ್ತಿದ್ದ ‘ಟೀವಿ ಗೇಮ್’ ನೆನಪಿದೆಯೇ? ಅವುಗಳಲ್ಲಿ ಬಹಳಷ್ಟು ಈ ಪೆಟ್ಟಿಗೆಯ ನಕಲುಗಳೇ. ನಮ್ಮ ಮಕ್ಕಳು ಅದರಲ್ಲಿ ಕಂಡದ್ದು ಹೆಚ್ಚಾಗಿ ಮಾರಿಯೋನ ನೆಗೆತ, ಟ್ಯಾಂಕಿನ ಯುದ್ಧ. ಜಪಾನಿನ ಮಕ್ಕಳಿಗೆ ಅದೇ ಪೆಟ್ಟಿಗೆಯಲ್ಲಿ ಇನ್ನೊಂದು ಬಗೆಯ ಆಟವೂ ಸಿಕ್ಕಿತ್ತು.

1986ರ ಮೇ 27ರಂದು ‘ಡ್ರ್ಯಾಗನ್ ಕ್ವೆಸ್ಟ್’ ಬಂದಿತು. ಅದನ್ನು ರಚಿಸಿದವರು ಯೂಜಿ ಹೋರಿಯಿ, ಚಿತ್ರ ಬರೆದವರು ಅಕಿರಾ ತೋರಿಯಾಮಾ, ಸಂಗೀತ ಕೊಟ್ಟವರು ಕೊಯಿಚಿ ಸುಗಿಯಾಮಾ. ಇದರಲ್ಲಿ ಬೆರಳಿನ ಚುರುಕಿಗೆ ಬೆಲೆಯಿಲ್ಲ. ಆಡುವವನು ಒಬ್ಬ ಪಯಣಿಗನ ಪಾತ್ರ ವಹಿಸಿ ಊರಿನಿಂದ ಊರಿಗೆ ನಡೆಯಬೇಕು, ಎದುರಾದವರನ್ನೆಲ್ಲ ಮಾತನಾಡಿಸಬೇಕು, ಅವರು ಹೇಳಿದ್ದನ್ನು ನೆನಪಿಡಬೇಕು. ಶತ್ರು ಎದುರು ನಿಂತರೂ ಸರದಿ ಪ್ರಕಾರವೇ ಕಾಳಗ. ನೀವು ಯೋಚಿಸಿ ಮುಗಿಸುವವರೆಗೆ ಅವನೂ ಸುಮ್ಮನೆ ಕಾಯುತ್ತಾನೆ. ರಾತ್ರಿಯಿಡೀ ನಡೆಯುವ ನಮ್ಮ ಬಯಲಾಟದ ಹಾಗೆ ಇಲ್ಲಿ ಮುಖ್ಯವಾದದ್ದು ಕಥೆ. ಇಂಗ್ಲಿಷಿಗೆ ಬಂದ ಇಂಥ ಆಟಗಳನ್ನು ಆಡುತ್ತ ಸಾವಿರಾರು ಸಾಲು ಓದಿಕೊಂಡ ಮಕ್ಕಳಿದ್ದಾರೆ.

ಈ ಆಟದ ಮೂರನೆಯ ಭಾಗ 1988ರ ಫೆಬ್ರವರಿ 10ರಂದು, ಬುಧವಾರ ಬಂದಾಗ ಅಂಗಡಿಗಳ ಮುಂದೆ ಉದ್ದುದ್ದ ಸಾಲು ನಿಂತಿತು; ಶಾಲೆ ತಪ್ಪಿಸಿ ಬಂದ ಮಕ್ಕಳನ್ನು ಪೊಲೀಸರು ಹಿಡಿದು ಬುದ್ಧಿ ಹೇಳಬೇಕಾಯಿತು. ನಾಲ್ಕನೆಯ ಭಾಗ ಬಂದದ್ದು 1990ರ ಫೆಬ್ರವರಿ 11, ಭಾನುವಾರ. ಗೇಮ್ ಹುಚ್ಚಿನ ಬಗ್ಗೆ ತಂದೆತಾಯಿಯರ ಚಿಂತೆ ಇಂದಿನದಲ್ಲ, ನಮ್ಮ ಊರಿನದು ಮಾತ್ರವೂ ಅಲ್ಲ ಎಂಬುದಕ್ಕೆ ಇದೇ ಸಾಕ್ಷಿ.

ನಮ್ಮ ಓದುಗರಿಗೆ ನಗು ತರಿಸುವ ಒಂದು ಸಂಗತಿಯನ್ನೂ ಹೇಳಬೇಕು. ಆಡಿದಷ್ಟನ್ನು ಉಳಿಸಿ ಎದ್ದು ಹೋಗಬೇಕಾದರೆ ಈ ಸರಣಿಯ ಹಲವು ಆಟಗಳಲ್ಲಿ ಊರಿನ ಚರ್ಚಿಗೆ ಹೋಗಬೇಕು! ಅಲ್ಲಿ ಗುರುಗಳ ಮುಂದೆ ನಿಂತು ನಡೆದದ್ದನ್ನು ಒಪ್ಪಿಸಬೇಕು. ಇಂಗ್ಲಿಷ್ ಆವೃತ್ತಿಯಲ್ಲಿ ಅದಕ್ಕೆ ಪಾಪನಿವೇದನೆ ಎಂದೇ ಹೆಸರು. ಅದು ನಮ್ಮ ಧರ್ಮಸಭೆಯಲ್ಲ, ಕಲ್ಪನೆಯದು. ಆದರೂ ಇಡೀ ದಿನ ಅಲೆದ ಪಯಣಿಗನಿಗೆ ಅಲ್ಲಿ ಬಂದರೆ ನೆಮ್ಮದಿ.

ಹಂಡೆಯೊಳಗೆ ಬೇಯುವುದು

ಇನ್ನು ಈ ಆಟಗಳ ನಿಜವಾದ ಸೊಗಸಿಗೆ ಬರೋಣ. ತೊಂಬತ್ತರ ದಶಕದ ನಡುವಿನಿಂದ ಜಪಾನಿನವರು ಇವುಗಳೊಳಗೆ ‘ವಸ್ತು ತಯಾರಿಕೆ’ ಎಂಬ ಹೊಸ ಕೆಲಸವನ್ನು ಬೆಳೆಸಿದರು. ಕತ್ತಿ, ಔಷಧಿ, ಉಂಗುರ ಎಲ್ಲವನ್ನೂ ಅಂಗಡಿಯಲ್ಲಿ ಕೊಳ್ಳುವ ಬದಲು ಕಾಡಿನಲ್ಲಿ ಸೊಪ್ಪು ಕೀಳಬೇಕು, ಗುಡ್ಡದಲ್ಲಿ ಕಲ್ಲು ಆಯಬೇಕು, ಅವನ್ನು ಹದವಾಗಿ ಸೇರಿಸಿ ತಾನೇ ಮಾಡಿಕೊಳ್ಳಬೇಕು. ನಮ್ಮ ಮನೆಯ ಹೆಂಗಸರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಧನಿಯಾ, ಮೆಣಸಿನಕಾಯಿ, ಮೆಂತ್ಯ ಬೇರೆ ಬೇರೆ ಇದ್ದಾಗ ಒಂದು ರುಚಿ. ಹುರಿದು ಕುಟ್ಟಿದ ಮೇಲೆ ಸಾರಿನ ಪುಡಿಯ ಘಮವೇ ಬೇರೆ.

1996ರ ಜುಲೈಯಲ್ಲಿ ಬಂದ ‘ಸ್ಟಾರ್ ಓಷನ್’, 1998ರಲ್ಲಿ ಬಂದ ಅದರ ಎರಡನೆಯ ಕಥೆ ಇದರಲ್ಲಿ ಹೆಸರುವಾಸಿ. ಅಡುಗೆ, ಲೋಹದ ಕೆಲಸ, ಮದ್ದು ಅರೆಯುವುದು, ಚಿತ್ರ, ಸಂಗೀತ ಎಲ್ಲಕ್ಕೂ ಅಲ್ಲಿ ಜಾಗವಿದೆ. ಪುಸ್ತಕವನ್ನೂ ಬರೆಯಬಹುದು, ಪ್ರಕಾಶಕರಿಗೆ ಕೊಟ್ಟರೆ ಗೌರವಧನ ಬರುತ್ತದೆ! ಆದರೆ ಕೈಹಾಕಿದ್ದೆಲ್ಲ ಕೈಗೂಡುವುದಿಲ್ಲ. ಎಷ್ಟೋ ಸಲ ಒಳ್ಳೆಯ ಸಾಮಾನು ಹಾಳಾಗಿ ಕೆಲಸಕ್ಕೆ ಬಾರದ ವಸ್ತು ಕೈಗೆ ಬರುತ್ತದೆ. ಇದರಲ್ಲಿ ಒಂದು ಒಳ್ಳೆಯ ಗುಟ್ಟು ಇದೆ. ಪ್ರತಿಯೊಬ್ಬರಲ್ಲೂ ಕೆಲವು ಪ್ರತಿಭೆಗಳಿರುತ್ತವೆ, ಕೆಲವು ಹುಟ್ಟಿನಿಂದ ಇರುವುದಿಲ್ಲ. ಇಲ್ಲದವನೂ ಬಿಡದೆ ಮಾಡುತ್ತ ಹೋದರೆ ಒಂದು ದಿನ ಆ ಪ್ರತಿಭೆ ತೆರೆದುಕೊಳ್ಳಬಹುದು. ಅಡುಗೆ ಬಾರದವನ ನಾಲಿಗೆಗೆ ಅಡುಗೆ ಮಾಡುತ್ತಲೇ ರುಚಿ ತಿಳಿಯುತ್ತದೆ.

2004ರ ನವೆಂಬರಿನಲ್ಲಿ ಬಂದ ‘ಡ್ರ್ಯಾಗನ್ ಕ್ವೆಸ್ಟ್’ನ ಎಂಟನೆಯ ಭಾಗದಲ್ಲಿ ಒಂದು ಹಂಡೆಯಿದೆ. ಶಾಪದಿಂದ ರಾಜ ವಿಕಾರ ರೂಪ ತಾಳಿದ್ದಾನೆ, ರಾಜಕುಮಾರಿ ಕುದುರೆಯಾಗಿ ಗಾಡಿ ಎಳೆಯುತ್ತಿದ್ದಾಳೆ, ಗಾಡಿಯೊಳಗೆ ಹಂಡೆ. ಎರಡು ವಸ್ತು ಹಾಕಿ ಮುಚ್ಚಿದರೆ ತಕ್ಷಣ ಏನೂ ಆಗುವುದಿಲ್ಲ. ನೀವು ಬೆಟ್ಟ ಬಯಲು ದಾಟಿ ನಡೆಯುತ್ತಿರಬೇಕು. ಒಳಗೆ ಅದು ಹದವಾಗುತ್ತಿರುತ್ತದೆ. ಯಾವುದೋ ತಿರುವಿನಲ್ಲಿ ‘ಟಿಂಗ್’ ಎಂದು ಸದ್ದು. ಮುಚ್ಚಳ ತೆಗೆದರೆ ಹೊಸ ವಸ್ತು. ಯಾವುದಕ್ಕೆ ಯಾವುದನ್ನು ಸೇರಿಸಬೇಕೆಂಬ ಸುಳಿವು ಊರವರ ಮಾತಿನಲ್ಲಿ, ಮನೆಗಳ ಪುಸ್ತಕದ ಕಪಾಟಿನಲ್ಲಿ ಅಡಗಿರುತ್ತದೆ. 2015ರಲ್ಲಿ ಇದೇ ಆಟವನ್ನು ಕೈಯಲ್ಲಿ ಹಿಡಿಯುವ ಯಂತ್ರಕ್ಕೆ ತಂದಾಗ ಕಾಯುವುದನ್ನೇ ತೆಗೆದುಬಿಟ್ಟರು. ಹಾಕಿದ ಕೂಡಲೇ ಸಿದ್ಧ. ಅನುಕೂಲವೇನೋ ಆಯಿತು. ಆದರೆ ಉಪ್ಪಿನಕಾಯಿ ಭರಣಿಯ ಮುಚ್ಚಳವನ್ನು ದಿನಾ ಇಣುಕಿ ನೋಡುವ ಮಗುವಿನ ಸಡಗರ, ಅಂಗಡಿಯಿಂದ ತಂದ ಬಾಟಲಿಯಲ್ಲಿ ಸಿಗುತ್ತದೆಯೇ?

ಕಡಿಮೆ ಅಂಕದ ಹುಡುಗಿ

ಈ ಬಗೆಯಲ್ಲಿ ತಂದೆತಾಯಿಯರು ಒಮ್ಮೆ ಕೇಳಲೇಬೇಕಾದ ಕಥೆ ‘ಅಟೆಲಿಯರ್ ಮಾರಿ’ಯದು. ನಗಾನೋ ಊರಿನ ಗಸ್ಟ್ ಎಂಬ ಸಣ್ಣ ಕಂಪನಿ 1997ರ ಮೇ ತಿಂಗಳಲ್ಲಿ ಇದನ್ನು ತಂದಿತು. ಕಥಾನಾಯಕಿ ಮಾರಿ ಶಾಲೆಯಲ್ಲೇ ಕಡೆಯ ಅಂಕದವಳು. ಅವಳ ಅಧ್ಯಾಪಕಿ ಅವಳನ್ನು ಹೊರಗೆ ಹಾಕುವುದಿಲ್ಲ. ಒಂದು ಪುಟ್ಟ ಕಾರ್ಯಾಗಾರವನ್ನು ಕೊಟ್ಟು, “ಐದು ವರ್ಷ ಕೊಡುತ್ತೇನೆ, ನಿನ್ನ ಕೈಯಿಂದಲೇ ಒಳ್ಳೆಯದೊಂದನ್ನು ಮಾಡಿ ತಾ, ಪಾಸು ಮಾಡುತ್ತೇನೆ” ಎನ್ನುವ ಅರ್ಥದಲ್ಲಿ ಕಳಿಸುತ್ತಾಳೆ.

ಮಾರಿ ಲೋಕವನ್ನು ಉಳಿಸುವ ವೀರಳಲ್ಲ. ಊರವರು ಕೇಳಿದ ಮದ್ದು, ಸಣ್ಣಪುಟ್ಟ ಸಾಮಾನು ಮಾಡಿಕೊಟ್ಟು ನಾಲ್ಕು ಕಾಸು ಸಂಪಾದಿಸುತ್ತಾಳೆ. ಸೊಪ್ಪು ತರಲು ಕಾಡಿಗೆ ಹೋದರೆ ಇಷ್ಟು ದಿನ, ಮದ್ದು ಕಾಯಿಸಲು ಇಷ್ಟು ದಿನ ಎಂದು ಕ್ಯಾಲೆಂಡರ್ ಉರುಳುತ್ತದೆ. ಅವಳಿಗೊಬ್ಬಳು ಸದಾ ಕಾಯಿಲೆಯ ಗೆಳತಿ. ವರ್ಷಗಟ್ಟಲೆ ಕಲಿತ ವಿದ್ಯೆಯಿಂದ ಅವಳಿಗೆ ಬೇಕಾದ ಅಪರೂಪದ ಮದ್ದನ್ನು ಮಾರಿ ಮಾಡಬಲ್ಲಳು. ಅದಕ್ಕೆ ಮನಸ್ಸು ಮಾಡಬೇಕು ಅಷ್ಟೆ. ಐದು ವರ್ಷ ಮುಗಿದಾಗ ಅವಳು ಏನು ಮಾಡಿದಳು ಎಂಬುದರ ಮೇಲೆ ಕಥೆಯ ಕೊನೆ ಬೇರೆ ಬೇರೆ. ಅಂಕಪಟ್ಟಿ ನೋಡಿ ಮಗುವನ್ನು ಅಳೆಯುವ ಕಾಲದಲ್ಲಿ, ಕೈಕೆಲಸದಿಂದ ತಲೆಯೆತ್ತಿದ ಹುಡುಗಿಯ ಕಥೆ ಇದು. ಈ ಆಟ 2023ರಲ್ಲಿ ಹೊಸ ರೂಪದಲ್ಲಿ ಮತ್ತೆ ಬಂದಿತು. ಸರಣಿ ಇಂದಿಗೂ ನಡೆದಿದೆ.

ಹೊಸೂರಿನವರಿಗೆ ಇದು ದೂರದ ಮಾತಲ್ಲ. ನಮ್ಮೂರು ಬೆಳೆದದ್ದೇ ಮಾಡುವ ಕೈಗಳಿಂದ. ಟೈಟನ್ ಕಾರ್ಖಾನೆಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಚಕ್ರಗಳನ್ನು ಜೋಡಿಸಿದವರು, ಟಿವಿಎಸ್‌ನಲ್ಲಿ ಬೈಕು, ಅಶೋಕ್ ಲೇಲ್ಯಾಂಡ್‌ನಲ್ಲಿ ಲಾರಿ ಕಟ್ಟಿದವರು ನಮ್ಮ ಮನೆಗಳಲ್ಲೇ ಇದ್ದಾರೆ. ಕೃಷ್ಣಗಿರಿಯ ತೋಟಗಳಲ್ಲಿ ಮಾವಿಗೆ ಕಸಿ ಕಟ್ಟಿ ಹಣ್ಣಿಗಾಗಿ ವರ್ಷಗಟ್ಟಲೆ ಕಾದವರಿದ್ದಾರೆ. ಬಿಡಿಭಾಗ ಹೇಗೆ ಇಡಿಯಾಗುತ್ತದೆ, ಅದಕ್ಕೆ ಎಷ್ಟು ತಾಳ್ಮೆ ಬೇಕು ಎಂದು ಅವರಿಗೆ ಚೆನ್ನಾಗಿ ಗೊತ್ತು. ಆದರೆ ಅಪ್ಪ ಶಿಫ್ಟ್ ಮುಗಿಸಿ ಬರುವಾಗ ಮಗ ಮಲಗಿರುತ್ತಾನೆ. ಅಪ್ಪನ ಕೆಲಸ ಏನೆಂಬುದೇ ಎಷ್ಟೋ ಮಕ್ಕಳಿಗೆ ತಿಳಿಯದು.

ಇನ್ನೊಂದು ಬಗೆಯ ಆಟ

ಈಗ ನಾಣ್ಯದ ಇನ್ನೊಂದು ಮುಖ. ಮೇಲೆ ಹೇಳಿದ ಹಳೆಯ ಆಟಗಳಿಗೆ ಒಮ್ಮೆ ಹಣ ಕೊಟ್ಟರೆ ಮುಗಿಯಿತು; ಕಥೆಗೆ ಕೊನೆಯಿದೆ, ಮುಗಿದ ಮೇಲೆ ಪುಸ್ತಕದಂತೆ ಮುಚ್ಚಿಡಬಹುದು. ಫೋನಿನ ಹಲವು ಆಟಗಳಿಗೆ ಕೊನೆಯೇ ಇಲ್ಲ. ಜಪಾನಿನಲ್ಲೇ ಹುಟ್ಟಿದ ‘ಗಾಚಾ’ ಎಂಬ ಪದ್ಧತಿಯಲ್ಲಿ ವಸ್ತುವನ್ನು ಮಾಡುವುದಿಲ್ಲ, ಹಣ ಕಟ್ಟಿ ಲಾಟರಿಯಂತೆ ಎತ್ತುತ್ತಾರೆ. ಅದರ ಒಂದು ವಿಪರೀತ ರೂಪ ಕಾನೂನಿಗೆ ವಿರುದ್ಧ ಎಂದು ಜಪಾನಿನ ಗ್ರಾಹಕ ಇಲಾಖೆಯೇ 2012ರ ಮೇ ತಿಂಗಳಲ್ಲಿ ಹೇಳಬೇಕಾಯಿತು.

ಇದಕ್ಕಿಂತ ಕ್ರೂರವಾದದ್ದು ಹಣ ಪಣವಿಟ್ಟು ಆಡುವ ರಮ್ಮಿಯಂಥವು. ತಮಿಳುನಾಡಿನಲ್ಲಿ ಇದರಿಂದ ಸಾಲಕ್ಕೆ ಬಿದ್ದು ಪ್ರಾಣ ಕಳೆದುಕೊಂಡವರಿದ್ದಾರೆ. ಅದಕ್ಕಾಗಿಯೇ ರಾಜ್ಯ ಸರಕಾರದ ಕಾಯ್ದೆ 2023ರ ಏಪ್ರಿಲ್‌ನಲ್ಲಿ ಜಾರಿಗೆ ಬಂತು. 2025ರಲ್ಲಿ ಮಧ್ಯರಾತ್ರಿ 12ರಿಂದ ಬೆಳಗಿನ 5 ಗಂಟೆಯವರೆಗೆ ಇಂಥ ಆಟ ಕೂಡದೆಂಬ ನಿಯಮವೂ ಬಂತು. ಅದೇ ವರ್ಷ ಆಗಸ್ಟ್‌ನಲ್ಲಿ ಹಣದ ಆನ್‌ಲೈನ್ ಆಟಗಳನ್ನೇ ನಿಷೇಧಿಸುವ ಕಾಯ್ದೆಗೆ ಸಂಸತ್ತು ಒಪ್ಪಿಗೆ ಕೊಟ್ಟಿತು. ಆದರೆ ಮನೆಯೊಳಗೆ ಯಾವ ಆಟ ನಡೆಯುತ್ತಿದೆ ಎಂದು ನೋಡುವ ಕಣ್ಣು ಮನೆಯವರದೇ ಆಗಬೇಕು. ಎಲ್ಲ ಗೇಮೂ ಕೆಟ್ಟದ್ದೇ ಎಂದು ಬೈಯುವ ಮನೆಯಲ್ಲಿ, ನಿಜವಾಗಿ ಕೆಟ್ಟದ್ದು ಬಂದಾಗಲೂ ಮಗ ಬಾಯಿ ಬಿಡುವುದಿಲ್ಲ. ಅಪಾಯವಿರುವುದು ಅಲ್ಲಿ.

ಹಾಗಾದರೆ ಹಳೆಯ ಕಥೆಯಾಟಗಳಲ್ಲಿ ದೋಷವೇ ಇಲ್ಲವೇ? ಇದೆ. ಒಂದೊಂದನ್ನು ಮುಗಿಸಲು 40, 60 ಗಂಟೆಗಳು ಬೇಕು. ಅಳತೆಯಿಲ್ಲದೆ ಕುಳಿತರೆ ಓದೂ ನಿದ್ದೆಯೂ ಕೆಡುತ್ತದೆ. ಕತ್ತಿ ಕಾಳಗ ಇದೆ, ಕೆಲವಕ್ಕೆ ವಯಸ್ಸಿನ ಮಿತಿ ಇದೆ. ಡಬ್ಬಿಯ ಮೇಲೆ, ಫೋನಿನಲ್ಲಾದರೆ ಅಂಗಡಿಯ ಪುಟದಲ್ಲಿ ಅದನ್ನು ನೋಡಿಯೇ ಕೊಡಬೇಕು. ‘ರಸವಿದ್ಯೆ’, ‘ಮಂತ್ರ’ ಎಂಬ ಮಾತು ಕೇಳಿ ಕೆಲವರು ಗಾಬರಿಯಾಗಬಹುದು. ಅಜ್ಜಿ ಹೇಳಿದ ಏಳು ಸಮುದ್ರದಾಚೆಯ ಗಿಳಿಯ ಕಥೆಯಲ್ಲಿ ಇದ್ದಷ್ಟೇ ಮಂತ್ರ ಇಲ್ಲಿಯೂ ಇರುವುದು. ಕಥೆ ಯಾವುದು, ಬದುಕು ಯಾವುದು ಎಂದು ಮಗುವಿಗೆ ತಿಳಿಸಿ ಹೇಳಿದರೆ ಸಾಕು.

ಮಗು ಆಡುವ ಯಾವ ಆಟವಾದರೂ ಸರಿ, ಮೂರು ಪ್ರಶ್ನೆ ಕೇಳಿ ನೋಡಿ. ಇದಕ್ಕೆ ಕೊನೆ ಇದೆಯೇ? ನಡುವೆ ಮತ್ತೆ ಮತ್ತೆ ಹಣ ಕೇಳುತ್ತದೆಯೇ? ಸೋತಾಗ ಇದು ನಿನಗೆ ಏನು ಹೇಳುತ್ತದೆ, ಇನ್ನೊಮ್ಮೆ ಯೋಚಿಸಿ ಮಾಡು ಎಂದೋ, ಇನ್ನಷ್ಟು ಹಣ ಹಾಕು ಎಂದೋ? ಉತ್ತರ ಕೇಳಿದ ಮೇಲೆ ಬಿಡಿಸುವುದೋ ಬಿಡುವುದೋ ನೀವೇ ನಿಶ್ಚಯಿಸಬಹುದು. ಒಳ್ಳೆಯದೆನಿಸಿದರೆ ದಿನಕ್ಕೆ ಇಷ್ಟು ಹೊತ್ತು ಎಂದು ಗೊತ್ತುಮಾಡಿ, ವಾರಕ್ಕೊಮ್ಮೆ ಪಕ್ಕದಲ್ಲಿ ಕುಳಿತು ನೋಡಿ.

ಮತ್ತೆ, ಆ ಹಂಡೆಯ ಕೆಲಸ ಇಷ್ಟಪಡುವ ಮಗುವನ್ನು ಅಡುಗೆಮನೆಗೂ ಕರೆಯಿರಿ. ಮಾವಿನ ಕಾಲ ಬಂದಾಗ ಕಾಯಿ ಹೆಚ್ಚಲು ಕೊಡಿ, ಉಪ್ಪಿನ ಅಳತೆ ಅವನೇ ಹಾಕಲಿ. ಕೆಟ್ಟು ಹೋದ ಮಿಕ್ಸಿ ಬಿಚ್ಚುವಾಗ ಮೊದಲು ಪ್ಲಗ್ ತೆಗೆಸಿ, ಸ್ಕ್ರೂಗಳನ್ನು ಎಣಿಸಿ ಇಡುವ ಕೆಲಸ ಅವಳದಾಗಲಿ. ಅಪ್ಪನಾದವರು ಬಿಡುವಿದ್ದ ದಿನ ತಾವು ಕಾರ್ಖಾನೆಯಲ್ಲಿ ಯಾವ ಭಾಗವನ್ನು ಯಾವುದಕ್ಕೆ ಜೋಡಿಸುತ್ತೀರಿ ಎಂದು ಕಾಗದದ ಮೇಲೆ ಬರೆದು ತೋರಿಸಿ. ಮೊದಲ ಸಲ ಉಪ್ಪು ಹೆಚ್ಚಾಗಬಹುದು, ಒಂದು ಸ್ಕ್ರೂ ಉಳಿದುಬಿಡಬಹುದು. ಬೈಯದೆ ಇನ್ನೊಮ್ಮೆ ಮಾಡಿಸಿ.