ಹುಟ್ಟೋಕಿಂತ ಮೊದಲೇ ಮಾರ್ಕ್ಸ್ ಕಾರ್ಡ್

(1/7)
ಮೊದಲ ಫೋಟೋದಾಗ ಕಾಣೋದು ವೈನ್ ಇಡೋ ನೆಲಮಾಳಿಗೆ ಅಲ್ಲ, ಖಾನಾಪುರದ ನಮ್ಮ ಮನಿ ಅಟ್ಟ. ಚೀಲದಾಗಿರೋದು ಹೋದ ವರ್ಷದ ಅಕ್ಕಿ. ಅದರ ಮಾತು ಕೊನೆಗೆ.

ಹೋದ ವಾರ ನಮ್ಮ ಕ್ಲಾಸ್ ಗ್ರೂಪಿನಾಗ ಒಬ್ಬ ದೋಸ್ತ ಒಂದು ರೀಲ್ ಹಾಕಿದ. ಫ್ರಾನ್ಸಿನ ಯಾವುದೋ ಕೆಂಪು ವೈನ್, ವಿಮರ್ಶಕರು ನೂರಕ್ಕ 96 ಕೊಟ್ಟಾರ, ಈಗ ತಗೊಂಡು 20 ವರ್ಷ ಇಡ್ರಿ, ಎಫ್‌ಡಿಗಿಂತ ಲಾಭ ಅಂತ. ಕೆಳಗ ಬರೀ ಬೆಂಕಿ ಇಮೋಜಿ. ನಾನು ಒಂದೇ ಪ್ರಶ್ನೆ ಕೇಳಿದೆ: "ಆ ಮಾರ್ಕ್ಸ್ ಯಾವಾಗ ಕೊಟ್ಟಿದ್ದು?" ಬಂದ ಉತ್ತರ: "ನೀ ಒಂದು ಗುಟುಕರೆ ಕುಡದೀಯೇನ?"

ಕುಡಿದಿಲ್ಲ. ನನಗೆ 20, ನಮ್ಮ ರಾಜ್ಯದ ಅಬಕಾರಿ ನಿಯಮ 21 ಅಂತೈತಿ. (ಚೋರ್ಲಾ ಘಾಟ್ ಇಳದು ಗೋವಾಕ್ಕ ಹೋದರ 18 ಸಾಕು, ಗೊತ್ತೈತಿ, ಆ ಕಾಮೆಂಟ್ ಬ್ಯಾಡ.) ಆದರೆ ನನ್ನ ತಕರಾರು ರುಚಿದಲ್ಲ, ಲೆಕ್ಕದ್ದು. ಅದಕ್ಕ ಬಿಕಾಂ ಸಾಕು.

(2/7)
ಬೋರ್ಡೋ ಅನ್ನೋ ಹೆಸರು ನಿಮ್ಮ ಮನೆಯವರಿಗೂ ಗೊತ್ತಿರಬೇಕು. ದ್ರಾಕ್ಷಿಗೆ, ಅಡಿಕೆಗೆ ಹೊಡಿಯೋ ಬೋರ್ಡೋ ದ್ರಾವಣ ಹುಟ್ಟಿದ್ದು ಅದೇ ಊರಿನ ಸುತ್ತ. ಅಲ್ಲಿ ಸೆಪ್ಟೆಂಬರ್ ಆಸುಪಾಸಿನಲ್ಲಿ ದ್ರಾಕ್ಷಿ ಕೊಯ್ತಾರೆ. ಮುಂದಿನ ಮಾರ್ಚ್-ಏಪ್ರಿಲ್‌ನಲ್ಲಿ ವಿಮರ್ಶಕರು ಬಂದು ಪೀಪಾಯಿಯಿಂದ ತೆಗೆದ ವೈನನ್ನೇ ಬಾಯಿಗೆ ಹಾಕ್ಕೊಂಡು ಉಗುಳಿ ಮಾರ್ಕ್ಸ್ ಬರೀತಾರೆ. ಆಗ ಆ ವೈನಿಗೆ ಆರು ತಿಂಗಳು. ಇನ್ನೂ ಬಾಟಲಿ ಕಂಡಿಲ್ಲ. ಆ ಮಾರ್ಕ್ಸ್ ನೋಡಿ ಮಾಲೀಕರು ರೇಟ್ ಕಟ್ಟಿ ದುಡ್ಡು ಎಣಿಸ್ಕೊಳ್ತಾರೆ. ಬಾಟಲಿ ಕೈಗೆ ಸಿಗೋದು ಹೆಚ್ಚುಕಡಿಮೆ ಎರಡು ವರ್ಷದ ಮೇಲೆ. ಈ ಪದ್ಧತಿಗೆ ಆನ್ ಪ್ರಿಮೂರ್ ಅಂತಾರೆ.

ಈಗ 2003. ಯುರೋಪ್ ಬಿಸಿಲಿಗೆ ಬೆಂದ ವರ್ಷ. ಸೇಂಟ್ ಎಮಿಲಿಯಾನ್‌ನ ಶಾಟೋ ಪಾವಿ ಅನ್ನೋ ತೋಟದ ಆ ವರ್ಷದ ವೈನನ್ನು 2004ರ ವಸಂತದಲ್ಲಿ ಇಬ್ಬರು ದೊಡ್ಡ ವಿಮರ್ಶಕರು ಸವಿದರು. ಅಮೆರಿಕದ ರಾಬರ್ಟ್ ಪಾರ್ಕರ್ ನೂರಕ್ಕೆ 95ರ ಮೇಲೆ ಕೊಟ್ಟರು. ಬ್ರಿಟನ್ನಿನ ಜಾನ್ಸಿಸ್ ರಾಬಿನ್ಸನ್ 20ಕ್ಕೆ 12 ಕೊಟ್ಟು, ಹಣ್ಣು ಅತಿಯಾಗಿ ಕಳಿತದ್ದು, ಪೋರ್ಟ್ ವೈನಿನಂತೆ ಸಿಹಿ, ಹಸಿವೆ ಹುಟ್ಟಿಸೋದಲ್ಲ ಅನ್ನೋ ಅರ್ಥದಲ್ಲಿ ಬರೆದರು. ಪಾರ್ಕರ್ ಸಿಟ್ಟಾದರು. ಜಗಳ ಪತ್ರಿಕೆಗಳಿಗೆ ಹೋಯಿತು.

ಒಂದೇ ತೋಟ, ಒಂದೇ ವರ್ಷ, ಹೆಚ್ಚುಕಡಿಮೆ ಒಂದೇ ತಿಂಗಳು. ಒಬ್ಬರಿಗೆ ರ‍್ಯಾಂಕ್, ಇನ್ನೊಬ್ಬರಿಗೆ ಬ್ಯಾಕ್‌ಲಾಗ್.

(3/7)
20ಕ್ಕೆ 12 ಅಂದರ 60 ಪರ್ಸೆಂಟ್, ಫಸ್ಟ್ ಕ್ಲಾಸ್ ಅಲ್ಲೇನು ಅಂತೀರಿ. ಅಲ್ಲ. ಆ 20ರ ಪಟ್ಟಿಯಲ್ಲಿ 12 ಅಂದರೆ ತಳ. ಪಾರ್ಕರ್ ಪಟ್ಟಿಯಂತೂ ಶುರುವಾಗೋದೇ 50ರಿಂದ! ಗ್ಲಾಸಿನಾಗ ಬಂದು ಕುಂತರ 50 ಮಾರ್ಕ್ಸ್. ನಮ್ಮ ಇಂಟರ್ನಲ್ಸ್‌ಗೂ ಇಷ್ಟು ದಯೆ ಇಲ್ಲ.

ನುರಿತ ನಾಲಿಗೆ ತಪ್ಪೋದಿಲ್ಲ ಅನ್ನೋರಿಗೆ ಇನ್ನೊಂದು. ರಾಬರ್ಟ್ ಹಾಡ್ಗ್ಸನ್ ಅನ್ನೋರು ಕ್ಯಾಲಿಫೋರ್ನಿಯಾ ಸ್ಟೇಟ್ ಫೇರ್‌ನ ತೀರ್ಪುಗಾರರನ್ನೇ ಪರೀಕ್ಷೆಗೆ ಹಚ್ಚಿದರು. ಸುಮಾರು 30 ಗ್ಲಾಸುಗಳ ನಡುವೆ ಒಂದೇ ಬಾಟಲಿಯ ವೈನನ್ನು ಮೂರು ಸಲ, ಹೇಳದೆ ಇಟ್ಟರು. 2008ರಲ್ಲಿ ಫಲಿತಾಂಶ ಪ್ರಕಟಿಸಿದರು: ಮೂರೂ ಸಲ ಒಂದೇ ಪದಕದ ಮಟ್ಟದಲ್ಲಿ ಮಾರ್ಕ್ಸ್ ಕೊಟ್ಟವರು ಶೇಕಡಾ 10ರಷ್ಟು ಜನ. ಇದು ಅವತ್ತು, ಅಲ್ಲೇ, ಬಾಯಲ್ಲಿದ್ದ ವೈನಿನ ಕಥೆ. 20 ವರ್ಷ ಮುಂದಿನದು ಬಿಡ್ರಿ.

(4/7)
ಈ ಫೋಟೋ ನನ್ನ ಅಕೌಂಟ್ಸ್ ನೋಟ್‌ಬುಕ್. ಕಾಫಿ ಕಲೆ ನಂದೇ.

2003ರ ವಸಂತದಲ್ಲಿ ಇರಾಕ್ ಯುದ್ಧ ಇತ್ತು. ಪಾರ್ಕರ್ ಬೋರ್ಡೋಗೆ ಹೋಗಲಿಲ್ಲ. ಹಂಗಾಗಿ 2002ರ ಬೆಳೆಯ ರೇಟ್ ಅವರ ಮಾರ್ಕ್ಸ್ ಇಲ್ಲದೇ ನಿಗದಿಯಾಯಿತು. ಮರುವರ್ಷ ಹೋದರು. ಅಲಿ, ಲೆಕಾಕ್, ವಿಸೆರ್ ಅನ್ನೋ ಮೂವರು ಅರ್ಥಶಾಸ್ತ್ರಜ್ಞರು ಎರಡೂ ವರ್ಷದ ರೇಟ್ ಹೋಲಿಸಿ 2008ರಲ್ಲಿ ಲೆಕ್ಕ ಕೊಟ್ಟರು: ಆ ಒಬ್ಬ ಮನುಷ್ಯನ ಮಾರ್ಕ್ಸಿನ ಬೆಲೆ ಸರಾಸರಿ ಬಾಟಲಿಗೆ 2.80 ಯುರೋ.

ಅದನ್ನ ಕೊಡೋರು ಕೊಳ್ಳೋರು. ಮುಂಗಡ. ವೈನ್ ಚಂದಾಗಿ ಹಣ್ಣಾದ್ರ ಸರಿ, ಆಗದಿದ್ದರ ನಷ್ಟ ಅವರದೇ. ಮಾಲೀಕನ ದುಡ್ಡು ಆಗಲೇ ಬ್ಯಾಂಕಿನಾಗ. ಮೊದಲ ಸೆಮಿಸ್ಟರ್‌ನಲ್ಲಿ ನಾವೆಲ್ಲಾ ಬಾಯಿಪಾಠ ಮಾಡಿದ್ದು ನೆನಪೈತೇನು? ಬರದ ಲಾಭವನ್ನು ಪುಸ್ತಕಕ್ಕೆ ಏರಿಸಬಾರದು, ಬರಬಹುದಾದ ನಷ್ಟಕ್ಕೆ ಮೊದಲೇ ಜಾಗ ಇಡಬೇಕು. ಇಲ್ಲಿ ನಡೆಯೋದು ಅದರ ಪೂರ್ತಿ ಉಲ್ಟಾ. 20 ವರ್ಷದ ಆಚೆಯ ರುಚಿಯನ್ನು ಇವತ್ತಿನ ಲಾಭ ಅಂತ ತೋರಿಸಿ ವಸೂಲಿ ಮಾಡ್ತಾರೆ. ಮಾರ್ಕ್ಸ್ ಅಂತ ಕರೆಯೋದೇ ತಪ್ಪು. ಅದು ಅಂದಾಜು, ಹವಾಮಾನ ಇಲಾಖೆ ಮಳೆ ಅಂದಾಜು ಕೊಟ್ಟಂಗ. ಅಂದಾಜು ಅಂತ ಬರೀರಿ, ತಾರೀಖು ಹಾಕ್ರಿ, ಪೀಪಾಯಿಯಿಂದೋ ಬಾಟಲಿಯಿಂದೋ ಹೇಳ್ರಿ. ಇಷ್ಟೇ ನನ್ನ ಬೇಡಿಕೆ.

(5/7)
ನ್ಯಾಯವಾಗಿ ಹೇಳಬೇಕಂದ್ರ ಪಾರ್ಕರ್ ಕಳ್ಳ ಅಲ್ಲ. 1978ರಲ್ಲಿ ಜಾಹೀರಾತು ತಗೊಳ್ದೆ ತಮ್ಮ ಪತ್ರಿಕೆ ಶುರು ಮಾಡಿದ ವಕೀಲ. ಬೋರ್ಡೋದ 1982ರ ಬೆಳೆಯನ್ನು ಕೆಲವರು ಹೀಗಳೆದಾಗ, ಇದು ದೊಡ್ಡ ವರ್ಷ ಅಂತ ಪಟ್ಟು ಹಿಡಿದರು. ಕಾಲ ಅವರ ಮಾತನ್ನೇ ನಿಜ ಮಾಡಿತು. ಒಂದು ಅಂದಾಜು ಖರೆ ಆಯ್ತು ಅಂತ ಎಲ್ಲ ಅಂದಾಜೂ ಮಾರ್ಕ್ಸ್ ಕಾರ್ಡ್ ಆಗೋದಿಲ್ಲ, ಅಷ್ಟೇ.

ವಾಪಸ್ ಬಂದು ನೋಡಿದವರೂ ಇದ್ದಾರೆ. 1976ರಲ್ಲಿ ಸ್ಟೀವನ್ ಸ್ಪರಿಯರ್ ಪ್ಯಾರಿಸ್ಸಿನಲ್ಲಿ ಹೆಸರು ಮುಚ್ಚಿ ರುಚಿ ನೋಡಿಸಿದರು, ತೀರ್ಪುಗಾರರು ಫ್ರೆಂಚರೇ. ಕೆಂಪು ವೈನಿನಲ್ಲಿ ಕ್ಯಾಲಿಫೋರ್ನಿಯಾ ಗೆದ್ದಿತು. ಸೋತವರ ಸಮಾಧಾನ ಏನು ಗೊತ್ತೇನು? ನಮ್ಮ ವೈನ್ ಇಟ್ಟಷ್ಟೂ ಚಂದ, ಅವರದು ಬೇಗ ಹಾಳಾಗತೈತಿ ಅಂತ. ಸರಿ, 2006ರಲ್ಲಿ ಅವೇ ಕೆಂಪು ವೈನುಗಳನ್ನು ಮತ್ತೆ ತೆಗೆದರು. ಮೊದಲ ಐದೂ ಸ್ಥಾನ ಕ್ಯಾಲಿಫೋರ್ನಿಯಾಕ್ಕೆ! 1976ರಲ್ಲಿ ಐದನೇದಾಗಿದ್ದ 1971ರ ರಿಜ್ ಮಾಂಟೆ ಬೆಲ್ಲೊ ಮೊದಲನೇದಾಯ್ತು. 30 ವರ್ಷ ಕಾದು ಮಾಡಿದ ಆಡಿಟ್ ಅಂದರ ಇದು. ಇಂಥದ್ದು ನಡೆಯೋದೇ ಅಪರೂಪ, ಅದೇ ನನ್ನ ಹೊಟ್ಟೆಉರಿ.

(6/7)
ಈಗ ನನ್ನ ತಪ್ಪು. ಫಸ್ಟ್ ಇಯರ್‌ನಲ್ಲಿ ನಾನೇ ಒಂದು ಸ್ಟೋರಿ ಹಾಕಿದ್ದೆ, ನಮ್ಮ ನಂದಿ ಬೆಟ್ಟದ ವೈನ್ ಜಗತ್ತಿನಲ್ಲೇ ಬೆಸ್ಟ್ ಅಂತ. ಆಧಾರ ಏನು? 2005ರಲ್ಲಿ ಡಿಕ್ಯಾಂಟರ್ ಪತ್ರಿಕೆಯಲ್ಲಿ ಗ್ರೋವರ್ ತೋಟದ ಲಾ ರಿಸರ್ವ್ ಅನ್ನೋ ಕೆಂಪು ವೈನನ್ನು ಯುರೋಪಿನ ಹೊರಗಿನ ಉತ್ತಮ ಕೆಂಪು ವೈನ್ ಅಂತ ಆರಿಸಿದ್ದರು. ಆರಿಸಿದ್ದು ಇದೇ ಸ್ಪರಿಯರ್. ಇನ್ನೊಂದು ಮಜಾ: ಲಾ ರಿಸರ್ವ್‌ಗೆ ಸಲಹೆ ಕೊಡ್ತಿದ್ದ ಮಿಶೆಲ್ ರೋಲಾನ್ ಅವರೇ ಶಾಟೋ ಪಾವಿಗೂ ಸಲಹೆಗಾರರಾಗಿದ್ದರು. ಚಿಕ್ಕಬಳ್ಳಾಪುರದ ಕಡೆಯ ದ್ರಾಕ್ಷಿಗೂ ಆ ಜಗಳದ ದ್ರಾಕ್ಷಿಗೂ ಒಬ್ಬರೇ ಗುರು.

ಹೆಮ್ಮೆ ಇರಲಿ. ಆದರ ಸ್ಪರಿಯರ್ ಹೊಗಳಿದ್ದು ಆಗಿನ ಒಂದು ವರ್ಷದ ವೈನನ್ನ. ನಾನು ಆ ಹೊಗಳಿಕೆಯನ್ನ ಈ ವರ್ಷದ ಬಾಟಲಿಗೆ ಅಂಟಿಸಿದ್ದೆ. ನಮ್ಮಣ್ಣನ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್ ತೋರಿಸಿ ನಾನು ಅಡ್ಮಿಷನ್ ಕೇಳಿದಂಗ.

(ಇನ್ನೊಂದು ಸಣ್ಣ ತಕರಾರು. ಈ ವಿಮರ್ಶೆಗಳಲ್ಲಿ ಬರೀ ಬ್ಲ್ಯಾಕ್‌ಬೆರಿ, ಸೀಡರ್ ಕಟ್ಟಿಗೆ ವಾಸನೆ. ಖಾನಾಪುರ ಬಸ್ ಸ್ಟ್ಯಾಂಡಿನಾಗ ಮೇ ತಿಂಗಳು ಎಲೆ ಪೊಟ್ಟಣದಾಗ ಮಾರೋ ಕವಳಿ ಹಣ್ಣು ತಿಂದ ನಾಲಿಗೆಗೆ ಹುಳಿ-ಒಗರು ಗೊತ್ತಾಗೋದಿಲ್ಲೇನು?)

(7/7)
ಅಟ್ಟದ ಅಕ್ಕಿಗೆ ಬಂದೆ. ಹೊಸ ಅಕ್ಕಿ ಅನ್ನ ಮುದ್ದಿ ಆಗತೈತಿ, ವರ್ಷ ಇಟ್ಟರ ಉದುರುದುರು, ಒದಗೂ ಹೆಚ್ಚು. ನಮ್ಮ ಆಯಿ ನಾಲ್ಕು ಕಾಳು ಹಲ್ಲಿನಾಗ ಕಡದು ನೋಡಿ "ಇದು ಇಡಾಕ ಬರತೈತಿ, ಅದನ್ನ ಈಗಲೇ ಉಣ್ಣರಿ" ಅಂತಾಳ. ಅವಳೂ ವಿಮರ್ಶಕಿನೇ. ಫರಕು ಏನಂದ್ರ, ಅಂದಾಜು ತಪ್ಪಿದರ ಮುಂದಿನ ವರ್ಷ ಆ ಮುದ್ದಿ ಅನ್ನ ಅವಳೂ ಉಣಬೇಕು. ಮನಿಮಂದಿ ಎಲ್ಲಾ ಬೈತೀವಿ.

ಆದರ ಹಳೇ ಅಕ್ಕಿಯ ರೇಟ್ ನಮಗ ಸಿಗೋದಿಲ್ಲ. ಹೋದ ಸುಗ್ಗಿಯಾಗ ನನ್ನ ಫೀ ತುಂಬೋ ತಾರೀಖು ಮೊದಲು ಬಂತು, ಅಪ್ಪ ಅಂಗಳದಾಗಿಂದನೇ ಚೀಲ ಮಾರಿದ. ಕೊಂಡವರು ಗೋಡೌನ್‌ನಾಗ ವರ್ಷ ಇಟ್ಟು, ಹಳೇ ಅಕ್ಕಿ ಅಂತ ಬೋರ್ಡ್ ಹಾಕಿ ಬೆಳಗಾವಿಯಾಗ ಮಾರ್ತಾರ. ಬೋರ್ಡೋದ ಮಾಲೀಕ ಕಾಯದೇ ಕಾದದ್ದರ ದುಡ್ಡು ತಗೋತಾನ. ನಮ್ಮಪ್ಪಗ ಕಾಯೋ ಶಕ್ತಿನೇ ಇಲ್ಲ. ನಡುವೆ ಇರೋದು ನೂರರೊಳಗಿನ ಒಂದು ನಂಬರ್.

ಈ ಸಲ ಎರಡು ಚೀಲ ಮಾರಬ್ಯಾಡ ಅಂತ ಅಪ್ಪಗ ಹೇಳೀನಿ. ಆಯಿ ಆರಿಸಿ ಕೊಟ್ಟಾಳ, ಚೀಲದ ಮ್ಯಾಲ ತಾರೀಖು ಬರದೀನಿ, ಕೊನೆಯ ಫೋಟೋ ಅದೇ. ಮುಂದಿನ ಸುಗ್ಗಿಗೆ ಬಿಚ್ಚಿ, ಅನ್ನ ಮಾಡಿ, ಇಲ್ಲೇ ಹಾಕ್ತೀನಿ. ಮುದ್ದಿ ಆದರೂ ಹಾಕ್ತೀನಿ.

ದೋಸ್ತ, ನಿನ್ನ ರೀಲಿನ 96ರ ತಾರೀಖು ಇನ್ನೂ ಬಂದಿಲ್ಲ ನೋಡು.

#ಖಾನಾಪುರ #ಬೆಳಗಾವಿ #ಬಿಕಾಂಲೆಕ್ಕ #ಹಳೇಅಕ್ಕಿ